ಮುಟ್ಟುವ ಮೊದಲು ನೋಡಿ: ದೈಹಿಕ ತಪಾಸಣೆಯಲ್ಲಿ ಕಣ್ಣಿನ ಕೆಲಸ

ಬೆಂಗಳೂರಿನ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ವಾರ್ಡ್ ಪೋಸ್ಟಿಂಗ್ ಶುರುವಾದೊಡನೆ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ‘ಕೇಸ್ ಶೀಟಿನಲ್ಲಿ ಇನ್‌ಸ್ಪೆಕ್ಷನ್ (ಕಣ್ಣಿನಿಂದ ನೋಡುವ ತಪಾಸಣೆ) ಎಂದು ಬರೆದ ಮೇಲೆ ಅದರ ಮುಂದೆ ಏನು ಬರೆಯಬೇಕು? ನಮಗೆ ಏನೂ ಕಾಣಿಸುವುದೇ ಇಲ್ಲವಲ್ಲ.’ ಕಾಣಿಸದಿರುವುದಕ್ಕೆ ಓದಿನ ಕೊರತೆ ಕಾರಣವಾಗಿರುವುದು ಕಡಿಮೆ. ಬೆಳಕು ಸರಿಯಿರುವುದಿಲ್ಲ, ಬಟ್ಟೆ ಅಡ್ಡವಿರುತ್ತದೆ, ಇಲ್ಲವೇ ಕಣ್ಣಿಗಿಂತ ಮೊದಲು ಕೈ ಹೋಗಿರುತ್ತದೆ. ಈ ಮೂರನ್ನು ಸರಿಪಡಿಸಿಕೊಂಡವರಿಗೆ ಪುಸ್ತಕದಲ್ಲಿ ಓದಿದ ಲಕ್ಷಣಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ.

ದೈಹಿಕ ತಪಾಸಣೆಗೆ ನಾಲ್ಕು ಭಾಗಗಳಿವೆ: ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟಿ ನೋಡುವುದು, ಬೆರಳಿನಿಂದ ತಟ್ಟಿ ನೋಡುವುದು, ಸ್ಟೆತೊಸ್ಕೋಪ್ ಇಟ್ಟು ಕೇಳುವುದು. ತಟ್ಟುವ ವಿಧಾನವನ್ನು ಆಸ್ಟ್ರಿಯದ ವೈದ್ಯ ಔಯೆನ್‌ಬ್ರುಗರ್ 1761ರಲ್ಲಿ ಪ್ರಕಟಿಸಿದರು, ಸ್ಟೆತೊಸ್ಕೋಪನ್ನು ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ರೂಪಿಸಿದರು. ನೋಡುವುದು ಇವೆರಡಕ್ಕಿಂತ ಬಹಳ ಹಳೆಯದು. ಆಯುರ್ವೇದದ ತ್ರಿವಿಧ ಪರೀಕ್ಷೆಯಲ್ಲೂ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಕ್ರಮದಲ್ಲಿ ದರ್ಶನವೇ ಮೊದಲು. ಈ ಲೇಖನ ಕಲಿಯುತ್ತಿರುವವರಿಗಾಗಿ ಬರೆದದ್ದು. ಮನೆಯಲ್ಲಿ ಕುಳಿತು ತಮ್ಮ ಕಾಯಿಲೆಗೆ ತಾವೇ ಹೆಸರಿಟ್ಟುಕೊಳ್ಳುವವರಿಗಾಗಿ ಅಲ್ಲ.

ಏನೇನು ಬೇಕು

ಹಗಲು ಬೆಳಕು ಬರುವ ಕಿಟಕಿ, ಬಿಳಿ ಬೆಳಕಿನ ಪುಟ್ಟ ಟಾರ್ಚ್, ಸೆಕೆಂಡ್ ಮುಳ್ಳಿರುವ ವಾಚ್, ಒಂದು ಸ್ಕೇಲ್, ನಾಲಗೆ ಒತ್ತುವ ಮರದ ಪಟ್ಟಿ, ರೋಗಿಗೆ ಹೊದಿಸಲು ಶುಭ್ರವಾದ ಬಟ್ಟೆ, ಹಾಸಿಗೆಯ ಸುತ್ತ ಎಳೆಯಲು ಪರದೆ. ಸ್ಟೆತೊಸ್ಕೋಪನ್ನು ಕುತ್ತಿಗೆಯಿಂದ ತೆಗೆದು ಜೇಬಿನಲ್ಲಿಡಿ, ಏಕೆಂದರೆ ಅದು ಕೊರಳಲ್ಲಿರುವಷ್ಟು ಹೊತ್ತು ಕೈ ಅದರ ಕಡೆಗೇ ಹೋಗುತ್ತಿರುತ್ತದೆ.

ಹಂತ 1: ಒಪ್ಪಿಗೆ ಮತ್ತು ಮರೆ

ರೋಗಿಯನ್ನು ಬೆಡ್ ನಂಬರಿನಿಂದ ಕರೆಯಬೇಡಿ. ಹೆಸರು ಕೇಳಿ, ನೀವು ವಿದ್ಯಾರ್ಥಿ ಎಂಬುದನ್ನು ಮುಚ್ಚಿಡದೆ ಹೇಳಿ, ಏನನ್ನು ನೋಡಬೇಕೆಂದಿದ್ದೀರಿ ಎಂದು ತಿಳಿಸಿ. ‘ಅಮ್ಮಾ, ನಾನು ಇಲ್ಲಿ ಓದ್ತಾ ಇದ್ದೀನಿ. ನಿಮ್ಮ ಹೊಟ್ಟೆ ನೋಡಬೇಕಿತ್ತು. ಪರದೆ ಎಳೀತೀನಿ, ನೋಡಬಹುದಾ?’ ಎಂದರೆ ಸಾಕು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಮಾತನಾಡುವ ರೋಗಿಗಳು ಅಕ್ಕಪಕ್ಕದಲ್ಲಿರುತ್ತಾರೆ. ಮಾತು ಅರ್ಥವಾಗದೆ ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ತಿಳಿಯದೆ, ಆ ಭಾಷೆ ಬಲ್ಲ ಸಿಸ್ಟರನ್ನೋ ರೋಗಿಯ ಕಡೆಯವರನ್ನೋ ಕರೆಯಿರಿ.

ಪುರುಷರು ಮಹಿಳಾ ರೋಗಿಯನ್ನು ತಪಾಸಣೆ ಮಾಡುವಾಗ ಇನ್ನೊಬ್ಬ ಮಹಿಳೆ ಜೊತೆಯಲ್ಲಿರಬೇಕೆಂಬುದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದು ಸ್ಪಷ್ಟವಾಗಿದೆ. ಬಟ್ಟೆಯನ್ನು ನೀವಾಗಿ ಸರಿಸಬೇಡಿ, ಕುಪ್ಪಸದ ಹುಕ್ಕನ್ನೋ ಅಂಗಿಯ ಗುಂಡಿಯನ್ನೋ ರೋಗಿಯೇ ಬಿಚ್ಚಲಿ. ಒಮ್ಮೆಗೆ ಒಂದು ಭಾಗವನ್ನು ಮಾತ್ರ ತೆರೆದು, ನೋಡಿದ ಮೇಲೆ ಮುಚ್ಚಿ, ಮುಂದಿನದಕ್ಕೆ ಹೋಗಿ. ಹಾಗೆಂದು ಸಂಕೋಚದಿಂದ ಅಂಗಿಯನ್ನು ನಾಲ್ಕು ಬೆರಳಿನಷ್ಟು ಎತ್ತಿ ‘ಎದೆ ನೋಡಿದೆ’ ಎಂದು ಬರೆಯುವುದೂ ತಪ್ಪೇ. ಎದೆಯ ಎರಡೂ ಪಕ್ಕ ಒಟ್ಟಿಗೆ ಕಾಣದಿದ್ದರೆ ಎಡ-ಬಲ ಹೋಲಿಸುವುದಕ್ಕೆ ಬರುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವುದಿದ್ದರೆ ಪ್ರತ್ಯೇಕವಾಗಿ ಲಿಖಿತ ಒಪ್ಪಿಗೆ ಬೇಕು, ಮತ್ತು ಆ ಫೋಟೊ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗುವಂತಿಲ್ಲ.

ಹಂತ 2: ಬೆಳಕು

ಬಣ್ಣಕ್ಕೆ ಸಂಬಂಧಿಸಿದ ಯಾವ ಲಕ್ಷಣವನ್ನೇ ಆಗಲಿ ಹಗಲು ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನ ಕೆಳಗೆ ಸಣ್ಣ ಪ್ರಮಾಣದ ಕಾಮಾಲೆ ಮರೆಯಾಗುತ್ತದೆ. ಹಸಿರು ಪರದೆಯನ್ನು ಸುತ್ತ ಎಳೆದರೆ ಅದರ ಛಾಯೆ ರೋಗಿಯ ಮುಖದ ಮೇಲೆ ಬಿದ್ದು ಇಲ್ಲದ ಕಾಯಿಲೆಯನ್ನೂ ತೋರಿಸಬಹುದು. ನಡೆಯಬಲ್ಲ ರೋಗಿಯನ್ನು ಕಿಟಕಿಯ ಹತ್ತಿರ ಕೂರಿಸಿ, ಬೆಳಕು ಮುಖದ ಮೇಲೆ ಬೀಳುವಂತೆ ನೀವು ಕಿಟಕಿಗೆ ಬೆನ್ನು ಹಾಕಿ ನಿಲ್ಲಿ, ಆದರೆ ನಿಮ್ಮ ನೆರಳೇ ಅವರ ಮೇಲೆ ಬೀಳದಂತೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಮಳೆಗಾಲದ ಮೋಡ ಮುಸುಕಿದ ಮಧ್ಯಾಹ್ನಗಳಲ್ಲಿ ವಾರ್ಡಿಗೆ ಟ್ಯೂಬ್‌ಲೈಟೇ ಗತಿಯಾಗಿರುವುದರಿಂದ, ಅನುಮಾನವಿದ್ದರೆ ‘ಬೆಳಿಗ್ಗೆ ಹಗಲು ಬೆಳಕಿನಲ್ಲಿ ಮತ್ತೆ ನೋಡುವುದು’ ಎಂದು ಶೀಟಿನಲ್ಲಿ ಬರೆದಿಡಿ.

ಚಲನೆಯನ್ನು, ಅಂದರೆ ಕುತ್ತಿಗೆಯ ಸಿರೆಯ ಮಿಡಿತ, ಎದೆಯ ಮೇಲಿನ ಹೃದಯದ ಬಡಿತ, ಹೊಟ್ಟೆಯ ಮೇಲೆ ಹರಿಯುವ ಕರುಳಿನ ಅಲೆ ಇವುಗಳನ್ನು ನೋಡುವುದಕ್ಕೆ ಬೇರೆ ಬಗೆಯ ಬೆಳಕು ಬೇಕು. ನೇರವಾಗಿ ಮೇಲಿಂದ ಬೀಳುವ ಬೆಳಕಿನಲ್ಲಿ ಇವು ಕಾಣುವುದಿಲ್ಲ. ಟಾರ್ಚನ್ನು ಚರ್ಮದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಓರೆಯಾಗಿ ಹಿಡಿದು, ನಿಮ್ಮ ಕಣ್ಣನ್ನೂ ಅದೇ ಮಟ್ಟಕ್ಕೆ ತನ್ನಿ. ಇಳಿಬಿಸಿಲಿನಲ್ಲಿ ನೆಲದ ಉಬ್ಬುತಗ್ಗು ಎದ್ದು ಕಾಣುವ ಹಾಗೆ ಇಲ್ಲಿಯೂ ನೆರಳೇ ಚಲನೆಯನ್ನು ತೋರಿಸಿಕೊಡುತ್ತದೆ.

ಹಂತ 3: ಕಾಲ್ಬದಿಯಲ್ಲಿ ನಿಂತು

ಹಾಸಿಗೆಯ ಕಾಲ್ಬದಿಯಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ಅರ್ಧ ನಿಮಿಷ ನಿಲ್ಲಿ. ನೋಡುವುದಕ್ಕೆ ಬಹಳಷ್ಟಿರುವ ಜಾಗವಿದು, ಅವಸರದಲ್ಲಿ ಎಲ್ಲರೂ ದಾಟಿಹೋಗುವ ಜಾಗವೂ ಇದೇ.

ಮೊದಲ ಪ್ರಶ್ನೆ: ಈ ವ್ಯಕ್ತಿ ಈಗಲೇ ಅಪಾಯದಲ್ಲಿದ್ದಾರೆಯೇ? ಮಾತನಾಡಿಸಿದರೆ ಎಚ್ಚರವಿದೆಯೇ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಬಲ್ಲರೇ, ಬೆವರುತ್ತಿದ್ದಾರೆಯೇ? ಇವುಗಳಲ್ಲಿ ಯಾವುದಾದರೂ ಸರಿಯಿಲ್ಲವೆನ್ನಿಸಿದರೆ ತಪಾಸಣೆಯನ್ನು ಅಲ್ಲಿಗೇ ನಿಲ್ಲಿಸಿ ಡ್ಯೂಟಿ ಡಾಕ್ಟರನ್ನು ಕರೆಯಿರಿ.

ಎರಡನೆಯದು, ರೋಗಿ ಹೇಗೆ ಮಲಗಿದ್ದಾರೆ ಎಂಬುದು. ಹೊಟ್ಟೆಯ ಒಳಪೊರೆಯ ಉರಿಯೂತವಿರುವವರು ಅಲುಗಾಡಿದರೆ ನೋವು ಹೆಚ್ಚುವುದರಿಂದ ನಿಶ್ಚಲವಾಗಿ ಮಲಗಿರುತ್ತಾರೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಎಲ್ಲಿಯೂ ನೆಲೆ ಸಿಗದೆ ಹೊರಳಾಡುತ್ತಾರೆ. ಉಬ್ಬಸ ಜೋರಾದವರು ಮುಂದಕ್ಕೆ ಬಾಗಿ ಎರಡೂ ಕೈಗಳನ್ನು ಮಂಚದ ಮೇಲೆ ಊರಿ ಕೂರುತ್ತಾರೆ. ಹೃದಯ ಸೋತವರು ಮೂರು ದಿಂಬು ಇಟ್ಟುಕೊಂಡು ಒರಗಿರುತ್ತಾರೆ, ದಿಂಬು ತೆಗೆದರೆ ಏದುಸಿರು ಬರುತ್ತದೆ.

ಮೂರನೆಯದಾಗಿ ಸುತ್ತಮುತ್ತ ನೋಡಿ. ಆಕ್ಸಿಜನ್ ಎಷ್ಟಕ್ಕೆ ಇಟ್ಟಿದೆ, ಮೂತ್ರದ ಚೀಲದಲ್ಲಿ ಎಷ್ಟಿದೆ ಮತ್ತು ಯಾವ ಬಣ್ಣದ್ದಿದೆ, ಕಫದ ಡಬ್ಬಿಯಲ್ಲಿ ಏನಿದೆ, ಬೆಳಗಿನ ಇಡ್ಲಿ ತಟ್ಟೆಯಲ್ಲೇ ಉಳಿದಿದೆಯೇ, ಇನ್‌ಹೇಲರೋ ಊರುಗೋಲೋ ಪಕ್ಕದಲ್ಲಿದೆಯೇ?

ಮೈ ಇಳಿದಿದೆಯೋ ಉಬ್ಬಿದೆಯೋ ಎಂಬುದಕ್ಕೆ ರೋಗಿ ತೊಟ್ಟಿರುವ ವಸ್ತುಗಳೇ ಅಳತೆಗೋಲಾಗುತ್ತವೆ. ಮೊಣಕೈವರೆಗೆ ಜಾರುವ ಬಳೆ, ಸಡಿಲವಾದ ಉಂಗುರ, ಹೊಸದಾಗಿ ತೂತು ಹಾಕಿದ ಬೆಲ್ಟು ತೂಕ ಇಳಿದದ್ದನ್ನು ಹೇಳುತ್ತವೆ. ಸೊಂಟದ ಉಡುದಾರ ಚರ್ಮದಲ್ಲಿ ಹೂತುಹೋಗಿ ಗೆರೆ ಮೂಡಿಸಿದ್ದರೆ, ಅದನ್ನು ಕೊನೆಯ ಸಲ ಯಾವಾಗ ಸಡಿಲಿಸಿದಿರಿ ಎಂದು ಕೇಳಿ. ಹೊಟ್ಟೆ ಊದಲು ತೊಡಗಿದ್ದು ಯಾವಾಗ ಎಂಬುದಕ್ಕೆ ಉತ್ತರ ಅಲ್ಲಿ ಸಿಗುವುದುಂಟು. ಕಪೋಲದ ಮೇಲಿನ ಹಳ್ಳ, ಕೊರಳೆಲುಬಿನ ಮೇಲಿನ ಗುಳಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಖಂಡ ಬತ್ತಿರುವುದು ಸ್ನಾಯು ಕರಗಿದ್ದರ ಗುರುತುಗಳು.

ಓಪಿಡಿಯಲ್ಲಾದರೆ ಈ ಹಂತ ಬಾಗಿಲಲ್ಲೇ ಆರಂಭವಾಗುತ್ತದೆ. ರೋಗಿ ನಡೆದು ಬರುವಾಗ ತಲೆ ಎತ್ತಿ ನೋಡಿ, ಕಂಪ್ಯೂಟರ್ ಪರದೆ ಕಾಯುತ್ತದೆ. ಒಂದು ಕೈ ಬೀಸದೆ ಸಣ್ಣ ಹೆಜ್ಜೆ ಹಾಕುತ್ತ ಬರುವುದು ಪಾರ್ಕಿನ್ಸನ್ ಕಾಯಿಲೆಯನ್ನು, ಕಾಲನ್ನು ಅರ್ಧವೃತ್ತದಲ್ಲಿ ಎಳೆದು ಹಾಕುವುದು ಹಳೆಯ ಪಾರ್ಶ್ವವಾಯುವನ್ನು ನೆನಪಿಸಬೇಕು.

ಹಂತ 4: ಉಸಿರನ್ನು ಎಣಿಸುವುದು

ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು ಸಾಮಾನ್ಯ. ಶೀಟುಗಳಲ್ಲಿ ರೋಗಿಗಳೆಲ್ಲರ ಉಸಿರೂ 18 ಎಂದೇ ಇರುವುದನ್ನು ನೀವೂ ಗಮನಿಸಿರಬಹುದು. ಎಣಿಸದೆ ಬರೆದ ಸಂಖ್ಯೆ ಅದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದೇ ಉಸಿರಿನ ತಪ್ಪು ನಾಲ್ಕಾಗುವುದರಿಂದ ಪೂರ್ತಿ ಒಂದು ನಿಮಿಷ ಎಣಿಸಿ. ‘ಉಸಿರು ಎಣಿಸುತ್ತೇನೆ’ ಎಂದು ಹೇಳಬೇಡಿ, ಹೇಳಿದೊಡನೆ ಉಸಿರಿನ ಲಯ ಬದಲಾಗುತ್ತದೆ. ನಾಡಿ ಹಿಡಿದುಕೊಂಡೇ ಕಣ್ಣನ್ನು ಎದೆಯ ಮೇಲಿಡಿ.

ವೇಗದ ಜೊತೆಗೆ ಶ್ರಮವನ್ನೂ ನೋಡಿ: ಮೂಗಿನ ಹೊಳ್ಳೆ ಅರಳುತ್ತಿದೆಯೇ, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತಿವೆಯೇ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ? ಮಕ್ಕಳಲ್ಲಿ ಮಿತಿಗಳು ಬೇರೆ. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ತೀವ್ರಗತಿಯ ಉಸಿರು. ಅಳುವ ಮಗುವಿನಲ್ಲಿ ಎಣಿಸಿದ್ದು ಲೆಕ್ಕಕ್ಕಿಲ್ಲ, ತಾಯಿಯ ಮಡಿಲಲ್ಲಿ ಶಾಂತವಾಗಿರುವಾಗ ಎಣಿಸಬೇಕು.

ಹಂತ 5: ಮೂರು ಬಣ್ಣಗಳು

ಬಿಳಿಚುವಿಕೆ, ಹಳದಿ, ನೀಲಿ. ಈ ಮೂರನ್ನು ಬರಿಯ ಮುಖದ ಚರ್ಮ ನೋಡಿ ಹೇಳಲಾಗದು, ನಮ್ಮ ಮೈಬಣ್ಣದಲ್ಲಂತೂ ಸಾಧ್ಯವೇ ಇಲ್ಲ.

*ಬಿಳಿಚುವಿಕೆ.* ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದು, ಮೇಲೆ ನೋಡಲು ಹೇಳಿ, ಒಳಪದರದ ಮುಂಭಾಗದ ಅಂಚನ್ನೂ ಹಿಂದಿನ ಭಾಗವನ್ನೂ ಹೋಲಿಸಿ. ಸಾಮಾನ್ಯವಾಗಿ ಮುಂಭಾಗದ ಅಂಚು ಹಿಂದಿನದಕ್ಕಿಂತ ಕೆಂಪಾಗಿರುತ್ತದೆ. ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದರೆ ರಕ್ತಹೀನತೆ ಇರುವ ಸಂಭವ ಹೆಚ್ಚು. ನಾಲಗೆ, ಅಂಗೈ, ಉಗುರಿನ ಬುಡ ಇವನ್ನೂ ನೋಡಿ. ಎಲೆ-ಅಡಿಕೆ ಹಾಕುವವರ ನಾಲಗೆಯನ್ನೂ ಮೆಹಂದಿ ಹಚ್ಚಿದ ಅಂಗೈಯನ್ನೂ ನಂಬಬೇಡಿ. ಕಣ್ಣು ಕೆಂಪಾಗಿರುವ ರೋಗಿಯ ರೆಪ್ಪೆಯೂ ಮೋಸ ಮಾಡುತ್ತದೆ.

*ಹಳದಿ.* ಎರಡೂ ಕಣ್ಣಿನ ಮೇಲ್ರೆಪ್ಪೆಯನ್ನು ಎತ್ತಿ ಹಿಡಿದು ಕೆಳಗೆ ನೋಡಲು ಹೇಳಿ, ಆಗ ಬೆಳಕು ಮತ್ತು ಧೂಳು ತಾಕದ ಮೇಲ್ಭಾಗದ ಬಿಳಿ ಕಾಣುತ್ತದೆ. ರಕ್ತದಲ್ಲಿ ಬಿಲಿರುಬಿನ್, ಅಂದರೆ ಪಿತ್ತದ ಹಳದಿ ವರ್ಣದ್ರವ್ಯ, ಪ್ರತಿ 100 ಮಿಲಿಲೀಟರಿಗೆ ಸುಮಾರು 2.5ರಿಂದ 3 ಮಿಲಿಗ್ರಾಂ ದಾಟಿದ ಮೇಲಷ್ಟೇ ಇದು ಕಣ್ಣಿಗೆ ಕಾಣುವುದು. ಹಾಗಾಗಿ ಕಾಣಲಿಲ್ಲವೆಂದರೆ ಕಾಮಾಲೆ ಇಲ್ಲವೇ ಇಲ್ಲ ಎಂದರ್ಥವಲ್ಲ. ಬಿಸಿಲು, ಧೂಳಿನಲ್ಲಿ ಕೆಲಸ ಮಾಡುವವರ ಕಣ್ಣಿನ ಬಿಳಿ ರೆಪ್ಪೆಗಳು ತೆರೆದಿರುವ ಭಾಗದಲ್ಲಿ ಮಾತ್ರ ಕಂದು ಹಳದಿಗೆ ತಿರುಗಿರುತ್ತದೆ. ಕಾಮಾಲೆಯ ಹಳದಿ ರೆಪ್ಪೆಯಡಿಯಲ್ಲೂ ಒಂದೇ ಸಮನಾಗಿರುತ್ತದೆ. ನಮ್ಮ ಊರುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಕೆನ್ನೆ, ಪಾದಗಳಿಗೆ ಅರಿಶಿನ ಹಚ್ಚಿಕೊಳ್ಳುವ ಹೆಂಗಸರ ಚರ್ಮ ಹಳದಿಯಾಗಿರುತ್ತದೆ, ಕಣ್ಣು ಮಾತ್ರ ಬೆಳ್ಳಗಿರುತ್ತದೆ. ಕಾಮಾಲೆಗೆಂದು ಕೈಗೋ ಹೊಟ್ಟೆಗೋ ಬರೆ ಹಾಕಿಸಿಕೊಂಡ ಹಳೆಯ ಕಲೆ ಕಂಡರೆ, ಬೈಯದೆ, ಯಾವ ವಯಸ್ಸಿನಲ್ಲಿ ಏಕೆ ಹಾಕಿಸಿದರು ಎಂದು ಕೇಳಿ ಬರೆದುಕೊಳ್ಳಿ. ಹಿಂದಿನ ಕಾಯಿಲೆಯ ಸುಳಿವು ಅದು.

*ನೀಲಿ.* ನಾಲಗೆ ನೀಲಿಯಾಗಿದ್ದರೆ ರಕ್ತಕ್ಕೇ ಆಮ್ಲಜನಕ ಸಾಲುತ್ತಿಲ್ಲ ಎಂದು ಅರ್ಥ. ಬೆರಳ ತುದಿ ಮಾತ್ರ ನೀಲಿಯಾಗಿ ನಾಲಗೆ ಕೆಂಪಾಗಿದ್ದರೆ ಅಲ್ಲಿನ ರಕ್ತಸಂಚಾರ ನಿಧಾನವಾಗಿದೆ ಎಂದರ್ಥ. ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಕ್ಯೂನಲ್ಲಿ ನಿಂತು ಬಂದವರಲ್ಲಿ ಚಳಿಯೊಂದೇ ಇದಕ್ಕೆ ಕಾರಣವಾಗಿರಬಹುದು. ಸೂಕ್ಷ್ಮ ರಕ್ತನಾಳಗಳ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಸುಮಾರು 5 ಗ್ರಾಂ ಆಮ್ಲಜನಕವಿಲ್ಲದ ಹಿಮೊಗ್ಲೋಬಿನ್ ಇದ್ದಾಗ ನೀಲಿ ಕಾಣುತ್ತದೆಂದು ಪಠ್ಯಗಳು ಹೇಳುತ್ತವೆ. ಒಟ್ಟು ಹಿಮೊಗ್ಲೋಬಿನ್ನೇ 6 ಗ್ರಾಂ ಇರುವ ರೋಗಿಯಲ್ಲಿ ಉಸಿರಾಟ ಎಷ್ಟೇ ಕೆಟ್ಟಿದ್ದರೂ ನೀಲಿ ಕಾಣಿಸದಿರಬಹುದೆಂಬುದು ಇದರಿಂದ ಹೊರಡುವ ಮಾತು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ.

ಮುಖದಲ್ಲಿದ್ದಾಗಲೇ ಎರಡೂ ಪಕ್ಕ ಒಂದೇ ಸಮವಿದೆಯೇ ನೋಡಿ. ಹುಬ್ಬೇರಿಸಿ, ಕಣ್ಣು ಮುಚ್ಚಿ, ಹಲ್ಲು ತೋರಿಸಿ ಎಂದು ಹೇಳಿ. ಹಣೆಯ ಗೆರೆಗಳೂ ಒಂದು ಪಕ್ಕ ಮಾಯವಾಗಿದ್ದರೆ ತೊಂದರೆ ಮುಖದ ನರದಲ್ಲೇ ಇದೆ. ಹಣೆ ಸರಿಯಿದ್ದು ಬಾಯಿ ಮಾತ್ರ ಸೊಟ್ಟಗಿದ್ದರೆ ಮಿದುಳಿನ ಕಡೆಗೆ ಯೋಚಿಸಬೇಕು. ಬಾಯಿ ತೆರೆಸಿದಾಗ ಮೂರು ಬೆರಳು ಹಿಡಿಸದಷ್ಟು ಕಿರಿದಾಗಿ ತೆರೆಯುತ್ತಿದ್ದರೆ ಗುಟ್ಕಾ, ಅಡಿಕೆಯ ಅಭ್ಯಾಸವನ್ನು ವಿಚಾರಿಸಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದವರ ಹಲ್ಲಿನ ಮೇಲಿನ ಕಂದು ಪಟ್ಟೆ ನೀರಿನಲ್ಲಿರುವ ಫ್ಲೋರೈಡಿನದ್ದಾಗಿರಬಹುದು. ಅದನ್ನು ಹೊಲಸೆಂದು ಬರೆಯಬೇಡಿ.

ಹಂತ 6: ಕೈ ಮತ್ತು ಉಗುರು

ಉಗುರಿನ ಬಣ್ಣವನ್ನು ಅಳಿಸಿದ ಮೇಲೆಯೇ ನೋಡಿ. ಚಮಚದಂತೆ ಗುಳಿಬಿದ್ದ ಉಗುರು ಕಬ್ಬಿಣಾಂಶದ ಕೊರತೆಯದು. ಉಗುರಿನ ಬುಡ ಉಬ್ಬಿ ಬೆರಳ ತುದಿ ದಪ್ಪಗಾಗುವುದನ್ನು ಕ್ಲಬ್ಬಿಂಗ್ ಎನ್ನುತ್ತಾರೆ. ಇದನ್ನು ಮೇಲಿಂದಲ್ಲ, ಬೆರಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಬೇಕು. ಸಾಮಾನ್ಯವಾಗಿ ಉಗುರಿಗೂ ಚರ್ಮಕ್ಕೂ ಸುಮಾರು 160 ಡಿಗ್ರಿ ಕೋನವಿರುತ್ತದೆ; ಅದು 180 ಡಿಗ್ರಿ ದಾಟಿದರೆ ಕ್ಲಬ್ಬಿಂಗ್. ಎರಡೂ ಕೈಯ ಒಂದೇ ಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿದಾಗ ನಡುವೆ ಕಾಣಬೇಕಾದ ವಜ್ರಾಕಾರದ ಸಣ್ಣ ಕಿಂಡಿ ಕ್ಲಬ್ಬಿಂಗ್ ಇದ್ದಾಗ ಮುಚ್ಚಿಹೋಗುತ್ತದೆ. ದಕ್ಷಿಣ ಆಫ್ರಿಕದ ಹೃದ್ರೋಗತಜ್ಞ ಲಿಯೋ ಶಾಮ್ರಾತ್ ಇದನ್ನು 1976ರಲ್ಲಿ ವರ್ಣಿಸಿದ್ದು ತಮ್ಮದೇ ಕಾಯಿಲೆಯ ಕಾಲದಲ್ಲಿ, ತಮ್ಮದೇ ಬೆರಳುಗಳನ್ನು ನೋಡಿಕೊಂಡು.

ಹಂತ 7: ಕುತ್ತಿಗೆ

ತಲೆ-ಎದೆ 45 ಡಿಗ್ರಿ ಎತ್ತರಕ್ಕೆ ಬರುವಂತೆ ಒರಗಿಸಿ, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲ ಕುತ್ತಿಗೆಯ ಮೇಲೆ ಓರೆ ಬೆಳಕು ಹಾಯಿಸಿ. ಒಳಸಿರೆಯ ಮಿಡಿತದ ಮೇಲ್ತುದಿ ಎದೆಮೂಳೆಯ ಕೋನದಿಂದ (ಎರಡನೆಯ ಪಕ್ಕೆಲುಬು ಸೇರುವಲ್ಲಿನ ಉಬ್ಬಿನಿಂದ) ನೇರ ಮೇಲಕ್ಕೆ 3-4 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಸಿರೆಯೊಳಗಿನ ಒತ್ತಡ ಏರಿದೆ. ಧಮನಿಯನ್ನೇ ಸಿರೆಯೆಂದು ತಿಳಿಯುವುದು ಇಲ್ಲಿ ಎಲ್ಲರೂ ಬೀಳುವ ಗುಂಡಿ. ಸಿರೆಯ ಮಿಡಿತ ಒಂದು ಬಡಿತಕ್ಕೆ ಎರಡು ಬಾರಿ ಅಲುಗುತ್ತದೆ, ಉಸಿರೆಳೆದಾಗ ಇಳಿಯುತ್ತದೆ, ಬೆರಳಿಗೆ ಸಿಗುವುದಿಲ್ಲ. ಕುತ್ತಿಗೆಯ ಮುಂಭಾಗದಲ್ಲಿ ಉಬ್ಬಿದ್ದರೆ ಒಂದು ಗುಟುಕು ನೀರು ಕೊಟ್ಟು ನುಂಗಿಸಿ. ಥೈರಾಯ್ಡ್ ಗಂಟು ನುಂಗುವಾಗ ಮೇಲೇರುತ್ತದೆ. ಬರಿಬಾಯಲ್ಲಿ ನುಂಗಿ ಎಂದರೆ ಮೂರನೆಯ ಸಲಕ್ಕೆ ಯಾರಿಗೂ ನುಂಗಲಾಗುವುದಿಲ್ಲ.

ಹಂತ 8: ಎದೆ ಮತ್ತು ಹೊಟ್ಟೆ

ಎದೆಯನ್ನು ಕಾಲ್ಬದಿಯಿಂದ ನೋಡಿದರೆ ಯಾವ ಪಕ್ಕ ಕಡಿಮೆ ಏಳುತ್ತಿದೆ ಎಂಬುದು ತಿಳಿಯುತ್ತದೆ. ಶ್ವಾಸಕೋಶದ ಕಾಯಿಲೆ ಏನೇ ಇರಲಿ, ಕಡಿಮೆ ಏಳುವ ಪಕ್ಕವೇ ಬಹುಮಟ್ಟಿಗೆ ಕಾಯಿಲೆಯ ಪಕ್ಕ. ಎದೆಯ ನಡುವೆ ಉದ್ದನೆಯ ಹೊಲಿಗೆಯ ಕಲೆಯಿದ್ದರೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಕಾಲಿನಲ್ಲೂ ಕಲೆಯಿದ್ದರೆ ಬೈಪಾಸಿಗಾಗಿ ಸಿರೆ ತೆಗೆದಿರಬಹುದು.

ಹೊಟ್ಟೆಯನ್ನು ನೋಡುವಾಗ ಮಂಚದ ಪಕ್ಕದಲ್ಲಿ ಮಂಡಿಯೂರಿ ಅಥವಾ ಸ್ಟೂಲ್ ಮೇಲೆ ಕುಳಿತು ಕಣ್ಣನ್ನು ಹೊಟ್ಟೆಯ ಮಟ್ಟಕ್ಕೆ ತನ್ನಿ. ಊದಿಕೊಂಡಿದ್ದರೆ ಕೊಬ್ಬು, ನೀರು, ಗಾಳಿ, ಮಲ, ಗರ್ಭ, ಗಡ್ಡೆ ಇವುಗಳಲ್ಲೊಂದು. ನೀರು ತುಂಬಿದ ಹೊಟ್ಟೆ ಪಕ್ಕಗಳಿಗೆ ಹರಡಿಕೊಂಡು ಹೊಕ್ಕುಳು ಹೊರಕ್ಕೆ ಬಂದಿರುತ್ತದೆ; ಕೊಬ್ಬಿನ ಹೊಟ್ಟೆಯಲ್ಲಿ ಹೊಕ್ಕುಳು ಒಳಗೇ ಹೂತಿರುತ್ತದೆ. ಉಸಿರಾಡುವಾಗ ಹೊಟ್ಟೆ ಏಳದೆ ಹಲಗೆಯಂತೆ ನಿಂತಿದ್ದರೆ ತಡಮಾಡದೆ ಹಿರಿಯರಿಗೆ ತಿಳಿಸಿ. ಉಬ್ಬಿದ ಸಿರೆಗಳು ಹೊಕ್ಕುಳಿನ ಸುತ್ತ ಇವೆಯೋ ಪಕ್ಕಗಳಲ್ಲಿ ಇವೆಯೋ ಬರೆಯಿರಿ. ಕೊನೆಯಲ್ಲಿ ಒಮ್ಮೆ ಕೆಮ್ಮಿಸಿ ತೊಡೆಸಂದು ಮತ್ತು ಹಳೆಯ ಹೊಲಿಗೆಗಳನ್ನು ನೋಡಿ. ಮಲಗಿದಾಗ ಒಳಗೆ ಹೋಗಿರುವ ಹರ್ನಿಯಾ ನಿಂತು ಕೆಮ್ಮಿದಾಗಲೇ ಕಾಣಿಸುವುದುಂಟು.

ಹಂತ 9: ಬೆನ್ನು, ಕಾಲು, ಚರ್ಮ

ಬೆನ್ನನ್ನು ನೋಡದೆ ಬಿಡುವವರೇ ಹೆಚ್ಚು. ಹಾಸಿಗೆ ಹಿಡಿದವರಲ್ಲಿ ಊತ ಕಾಲಿಗಿಂತ ಮೊದಲು ಸೊಂಟದ ಕೆಳಭಾಗದಲ್ಲಿ ಕಾಣುತ್ತದೆ, ಹಾಸಿಗೆ ಹುಣ್ಣು ಏಳುವುದೂ ಅಲ್ಲೇ. ಮಧುಮೇಹವಿರುವವರ ಪಾದದ ಅಡಿ ಮತ್ತು ಬೆರಳ ಸಂದುಗಳನ್ನು ಬಿಡಿಸಿ ನೋಡಿ; ಸ್ಪರ್ಶ ಹೋಗಿರುವುದರಿಂದ ಅಲ್ಲಿನ ಹುಣ್ಣು ಅವರಿಗೇ ಗೊತ್ತಿರುವುದಿಲ್ಲ.

ವಿದೇಶಿ ಪಠ್ಯಗಳ ಚಿತ್ರಗಳಲ್ಲಿ ಹೆಚ್ಚಾಗಿ ಬಿಳಿಯ ಚರ್ಮವೇ ಇರುವುದರಿಂದ ಉರಿಯೂತವೆಂದರೆ ಕೆಂಪು ಎಂದು ನಾವು ಕಲಿತಿರುತ್ತೇವೆ. ಕಪ್ಪು ಚರ್ಮದಲ್ಲಿ ಅದೇ ಉರಿಯೂತ ನೇರಳೆಯಾಗಿ, ಇಲ್ಲವೇ ಸುತ್ತಲಿಗಿಂತ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಇನ್ನೊಂದು ಪಕ್ಕದೊಡನೆ ಹೋಲಿಸಿ, ಮುಂದೆ ಮುಟ್ಟುವ ಹಂತದಲ್ಲಿ ಬಿಸಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸುತ್ತಲಿಗಿಂತ ಬಣ್ಣ ಕಡಿಮೆಯಾದ ಮಚ್ಚೆ ಕಂಡರೆ ಕುಷ್ಠರೋಗವನ್ನು ನೆನೆದು, ಅಲ್ಲಿ ಸ್ಪರ್ಶ ಪರೀಕ್ಷಿಸಬೇಕೆಂದು ಗುರುತು ಮಾಡಿಕೊಳ್ಳಿ.

ಹಂತ 10: ಬರೆಯುವುದು

ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ. ‘ಲಿವರ್ ಕಾಯಿಲೆಯವರಂತೆ ಕಾಣುತ್ತಾರೆ’ ಎಂಬ ಸಾಲಿನಿಂದ ಮುಂದಿನವರಿಗೆ ಏನೂ ಸಿಗುವುದಿಲ್ಲ. ಅವರೂ ಲಿವರನ್ನೇ ಹುಡುಕತೊಡಗುತ್ತಾರೆ, ಅಷ್ಟೆ. ‘ಹಗಲು ಬೆಳಕಿನಲ್ಲಿ ಎರಡೂ ಕಣ್ಣಿನ ಬಿಳಿ ಹಳದಿ; ಹೊಟ್ಟೆ ಪಕ್ಕಗಳಲ್ಲಿ ಉಬ್ಬಿದೆ; ಹೊಕ್ಕುಳು ಹೊರಬಂದಿದೆ; ಎರಡೂ ಕಾಲಿನ ಹರಡಿನವರೆಗೆ ಊತ’ ಎಂದು ಬರೆದರೆ ನಾಳೆ ಅದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಹೋಲಿಸಬಹುದು. ಗಂಟು, ಕಲೆ, ಹುಣ್ಣುಗಳಿಗೆ ‘ನಿಂಬೆಗಾತ್ರ’ ಎನ್ನದೆ ಸ್ಕೇಲಿಟ್ಟು ಸೆಂಟಿಮೀಟರಿನಲ್ಲಿ ಅಳೆಯಿರಿ. ಎಡ, ಬಲ ಎಂಬುದು ರೋಗಿಯ ಎಡ, ಬಲ. ಎದುರು ನಿಂತ ನಿಮ್ಮದಲ್ಲ.

‘ಇಲ್ಲ’ ಎಂದು ಬರೆಯುವುದು ನೋಡಿದ ಮೇಲೆ ಮಾತ್ರ. ನೋಡಲಾಗದಿದ್ದರೆ ಹಾಗೆಯೇ, ಕಾರಣದ ಸಮೇತ ಬರೆಯಿರಿ: ‘ಬೆನ್ನು ನೋಡಿಲ್ಲ, ರೋಗಿಗೆ ಏಳಲಾಗಲಿಲ್ಲ.’ ‘ಉಗುರು ನೋಡಿಲ್ಲ, ಬಣ್ಣ ಹಚ್ಚಿದ್ದಾರೆ.’ ರಾತ್ರಿ ಪಾಳಿಯ ಸಿಸ್ಟರೋ ಮರುದಿನದ ಹೌಸ್ ಸರ್ಜನ್ನೋ ರೋಗಿಯನ್ನು ಮಗ್ಗುಲಾಗಿಸುವಾಗ ಆ ಸಾಲನ್ನು ಓದಿದ್ದರೆ ನಿಂತು ನೋಡುತ್ತಾರೆ.